ತುಟಿ ತೆರೆಯದ ಉತ್ತರ

"ಕೇಳ್ರಪ್ಪೋ ಕೇಳ್ರಿ! ಕರಿಗಲ್ಲೂರಿನ ದೊರೆ ಭೋಗರಸರ ಅಪ್ಪಣೆ! ಅಳತೆ ಸರಿಯಿಲ್ಲ, ಬೀದಿ ನಾರುತ್ತದೆ, ದನ ಅಡ್ಡ ಬರುತ್ತದೆ ಅಂತ ದಿನಾ ಅರಮನೆ ಬಾಗಿಲಲ್ಲಿ ಗೊಣಗುವವರೇ, ಕಿವಿಗೊಟ್ಟು ಕೇಳ್ರಿ! ನಿಮ್ಮ ಗೊಣಗಾಟ ದೊರೆಗೆ ಸಾಕಾಗಿದೆ. ಬರುವ ಅಮಾವಾಸ್ಯೆಗೆ ಕೋಟೆ ಬಾಗಿಲ ಸಂತೆ ಮುಚ್ಚುತ್ತದೆ. ಉಪ್ಪು, ಸೊಪ್ಪು ಎಲ್ಲವನ್ನೂ ಅರಮನೆ ಉಗ್ರಾಣದಲ್ಲೇ ಕೊಳ್ಳಬೇಕು. ಬೇಡ ಅನ್ನುವವರು ಮೂರು ಒಗಟು ಬಿಡಿಸಲಿ. ಬಿಡಿಸಿದವರು ಕೇಳಿದ್ದು ಕೊಡುತ್ತೇವೆ. ತಪ್ಪಿದರೆ ತಲೆ ಹೋಗುತ್ತದೆ!"

ಡಂಗುರದವನು ಆಚೆ ಬೀದಿಗೆ ತಿರುಗಿದ ಮೇಲೂ ತಿಪ್ಪವ್ವ ಬುಟ್ಟಿ ತಬ್ಬಿಕೊಂಡು ಕೂತೇ ಇದ್ದಳು. ಅವಳಿಗೆ ಹೊಲವಿಲ್ಲ, ದನವಿಲ್ಲ. ಕೋಟೆ ಬಾಗಿಲ ಬೇವಿನ ಮರದಡಿ ಅಜ್ಜಿ ಕೂತು ತರಕಾರಿ ಮಾರಿದ್ದಳು, ಅವ್ವ ಮಾರಿದ್ದಳು, ಈಗ ಇವಳು. ಸಂತೆ ಹೋದರೆ ಬುಟ್ಟಿ ಇಳಿಸುವುದಕ್ಕೆ ಮೊಳ ನೆಲವೂ ಇರಲಿಲ್ಲ.

ಹಾಗಂತ ಸಂತೆಯನ್ನು ಕಂಡರೆ ಅವಳಿಗೆ ಮಮತೆ ಉಕ್ಕುತ್ತಿತ್ತೇ? ಎಲ್ಲಿಯದು! ಬೆಂಡೆಕಾಯಿಯ ತುದಿ ಮುರಿದು ನೋಡಿ, ಮುರಿದದ್ದನ್ನು ಅಲ್ಲೇ ಬಿಟ್ಟು ಹೋಗುವವರು, ಸೋರೆಕಾಯಿಗೆ ಉಗುರು ಚುಚ್ಚಿ "ಬಲಿತಿದೆ ಕಣೇ" ಅಂತ ಮೂಗು ಮುರಿಯುವವರು, ಬುಟ್ಟಿಗೆ ಮೂತಿ ಹಾಕುವ ಬೀಡಾಡಿ ದನ. ದಿನಕ್ಕೆ ಹತ್ತು ಸಲ ಅವಳ ತಲೆ ಕೆಡುತ್ತಿತ್ತು. ಆದರೂ ಕೆಟ್ಟ ತಲೆ ಹೊತ್ತು ಕೂರುವುದಕ್ಕೆ ಅದೊಂದೇ ಜಾಗ.

ಅಮಾವಾಸ್ಯೆಯ ಹಿಂದಿನ ದಿನ ಅರಮನೆ ಅಂಗಳದಲ್ಲಿ ಊರೇ ಸೇರಿತು. ದೊರೆ ಮೊದಲ ಒಗಟು ಹಾಕಿದರು. "ಅಳತೆ ಮುಗಿದ ಮೇಲೆ ಹುಟ್ಟುತ್ತದೆ. ಅದಕ್ಕೆ ಬೆಲೆಯಿಲ್ಲ. ಅದು ಬೀಳದೆ ಕೊಂಡವಳು ಕೂತಲ್ಲಿಂದ ಏಳುವುದಿಲ್ಲ. ಏನದು?"

ಆಸ್ಥಾನದ ಪಂಡಿತ ಭಾಸ್ಕರಭಟ್ಟರು ಶಾಲು ಸರಿಮಾಡಿಕೊಂಡು ಎದ್ದರು. "ಪುಣ್ಯ, ಮಹಾಪ್ರಭು. ಆಯುಸ್ಸಿನ ಅಳತೆ ಮುಗಿದ ಮೇಲೆ ಜೊತೆಗೆ ಬರುವುದು ಅದೊಂದೇ."

"ಕೊಂಡವಳು ಯಾರು ಹಾಗಾದರೆ?"

ಭಟ್ಟರು ಬೆಬ್ಬೆಬ್ಬೆ ಅಂದರು. ಆಳುಗಳು ಅವರ ಕೈ ಬಿಗಿದು ಕಂಬದ ಬಳಿ ನಿಲ್ಲಿಸಿದರು.

ಜವಳಿ ಅಂಗಡಿಯ ಬಸವಂತಶೆಟ್ಟರು ಎದ್ದರು. "ನಂಬಿಕೆ, ದೊರೆ."

"ಅದು ನಿಮ್ಮ ಅಂಗಡಿಯಲ್ಲಿ ಸಿಕ್ಕಿದ್ದನ್ನು ಕಂಡವರಿಲ್ಲ. ಕಟ್ಟಿ!"

ಆಮೇಲೆ ಯಾರೂ ಏಳಲಿಲ್ಲ. ತಿಪ್ಪವ್ವನಿಗೆ ಮೈ ಉರಿಯಿತು. ಇಡೀ ಊರು ದಿನಾ ಕೇಳಿ ಈಸಿಕೊಳ್ಳುವುದು ಯಾರಿಗೂ ಹೊಳೆಯುತ್ತಿಲ್ಲವಲ್ಲ!

"ಕೊಸರು, ಬುದ್ಧಿ!" ಅನ್ನುತ್ತಾ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಎರಡು ಸೇರು ಅವರೆಕಾಯಿ ಅಳೆದು ಹಾಕಿದ ಮೇಲೂ ಸೆರಗು ಒಡ್ಡಿಕೊಂಡೇ ಕೂತಿರ್ತಾರೆ. ಮೇಲೊಂದು ಹಿಡಿ ಕೊಸರು ಬೀಳೋತನಕ ಏಳಲ್ಲ. ನಿಮ್ಮ ಉಗ್ರಾಣದೋರು ಕೊಸರು ಹಾಕ್ತಾರಾ?"

ಜನ ಕಿಸಕ್ಕನೆ ನಕ್ಕರು. ದೊರೆ ನಗಲಿಲ್ಲ. "ಸರಿ. ಎರಡನೆಯದು ಕೇಳು. ಹೊಸ್ತಿಲ ಒಳಗಿದ್ದಾಗ ಅದಕ್ಕೊಬ್ಬ ಒಡೆಯ. ಹೊಸ್ತಿಲು ದಾಟಿದರೆ ಒಡೆಯನೇ ಇಲ್ಲ. ನಾಲ್ಕು ದಿನ ಬಿಟ್ಟರೆ ಬೀದಿಗೆಲ್ಲ ಅದೇ ಒಡೆಯ."

ಕಂಬದ ಬಳಿಯಿಂದಲೇ ಶೆಟ್ಟರು ಕುಟುಕಿದರು. "ಸುಲಭದ್ದು ಬಂತಲ್ಲೇ! ನಿನ್ನ ಹೆಸರಲ್ಲೇ ಇದೆ, ತಿಪ್ಪೆ!"

ಹಿಂದಿನ ಮೂರು ಕೂಸುಗಳು ಉಳಿಯಲಿಲ್ಲವೆಂದು ಹುಟ್ಟಿದ ದಿನವೇ ಅವಳನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಟ್ಟಿದ್ದರು. ಆಡಿಕೊಳ್ಳುವುದು ಅವಳಿಗೆ ಹೊಸದಲ್ಲ.

"ತಿಪ್ಪೆ ಅಂದಿದ್ರೆ ನನ್ನ ತಲೆ ಹೋಗ್ತಿತ್ತು ಶೆಟ್ರೆ. ತಿಪ್ಪೆಗೆ ಒಡೆಯ ಇದ್ದಾನೆ, ಒಂದು ಮಂಕರಿ ಗೊಬ್ಬರ ತೆಗೆದು ನೋಡಿ, ದೊಣ್ಣೆ ತರ್ತಾನೆ. ಇದು ಬೀದಿ ಕಸ. ಅಂಗಡಿ ಗುಡಿಸಿ ನನ್ನ ಬುಟ್ಟಿ ಪಕ್ಕಕ್ಕೆ ತಳ್ತೀರಲ್ಲ, ಅದು!"

"ಹೌದು, ಕಸ," ಎಂದರು ದೊರೆ. "ಮೂರನೆಯದು. ತುಟಿ ತೆರೆಯದೆ ಹುಟ್ಟುತ್ತದೆ. ಅದನ್ನು ನಂಬಿ ಊರು ಕಟ್ಟಬಹುದು, ಊರು ಕೆಡವಬಹುದು. ಕೊಟ್ಟವರಿಗೆ ಮಾತ್ರ ಕೊಟ್ಟ ನೆನಪೇ ಇರುವುದಿಲ್ಲ."

ತಿಪ್ಪವ್ವ ಯೋಚಿಸಿದಳು. ಉಸಿರೇ? ಉಸಿರಿನಿಂದ ಊರು ಕೆಡುವುದಿಲ್ಲ. ನಿದ್ದೆಯೇ? ಅದನ್ನು ಯಾರಿಗೆ ಕೊಡುವುದು? ಬಿಸಿಲು ಏರಿತು. ಬೆವರು ಕಣ್ಣಿಗಿಳಿಯಿತು. ದೊರೆ ಏನೋ ಕೇಳುತ್ತಿದ್ದರು. ಅವಳ ಮನಸ್ಸು ಒಗಟಿನಲ್ಲೇ ಸಿಕ್ಕಿಕೊಂಡಿತ್ತು.

"ಹೂಂ," ಅಂದಳು.

ಕತ್ತಿಯವನು ಬಂದು ಅವಳ ತುರುಬು ಹಿಡಿದ.

"ಅಯ್ಯೋ, ಯಾಕೋ?"

"ತಲೆ ಒಪ್ಪಿಸ್ತೀಯಾ ಅಂತ ದೊರೆ ಕೇಳಿದ್ರು. ನೀನೇ ಹೂಂ ಅಂದೆಯಲ್ಲವ್ವಾ!"

ಕತ್ತಿ ಮೇಲೇರಿತು. ತಿಪ್ಪವ್ವ ಕಿಟಾರನೆ ಕಿರುಚಿದಳು. "ಅದೇ! ಅದೇ ಬುದ್ಧಿ ಉತ್ತರ! ಹೂಂ!"

ದೊರೆ ಕೈಯೆತ್ತಿ ಕತ್ತಿ ತಡೆದರು.

"ಅದೇ ಉತ್ತರ," ಅನ್ನುವಾಗ ಅವರ ದನಿ ಬಳಲಿತ್ತು. "ಹೋದ ಹುಣ್ಣಿಮೆಯ ಸಭೆಯಲ್ಲಿ, ಸಂತೆ ಮುಚ್ಚಲೇ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಹೂಂ ಅಂದಿರಿ. ಬಾಗಿಲಲ್ಲಿ ಗೊಣಗುವುದಕ್ಕೆ ನಿಮಗೆ ಬಾಯಿದೆ, ಕೇಳಿದಾಗ ಇಲ್ಲ."

ತಿಪ್ಪವ್ವ ತಲೆ ತಗ್ಗಿಸಿದಳು. ಅವಳೂ ಅಂದಿದ್ದಳು. ಹಿಂದಿನ ಸಾಲಿನಲ್ಲಿ ಕೂತು, ಮೆಂತ್ಯದ ಸೊಪ್ಪು ಕಟ್ಟುತ್ತಾ ಅಂದಿದ್ದಳು. ಇಷ್ಟು ದಿನ ಊರವರ ಮೇಲಿದ್ದ ಸಿಟ್ಟೆಲ್ಲ ತಿರುಗಿ ಅವಳ ಮೇಲೇ ಬಂತು.

"ಕೇಳು, ಏನು ಬೇಕು?"

"ಇವರಿಬ್ಬರನ್ನ ಬಿಡಿ, ಬುದ್ಧಿ. ಆಮೇಲೆ, ಇನ್ನು ಸಭೆಯಲ್ಲಿ ಹೂಂ ಅಂದ್ರೆ ಲೆಕ್ಕಕ್ಕಿಲ್ಲ ಅಂತ ಮಾಡಿ. ಬೇಕು, ಬೇಡ ಅಂತ ಎದ್ದು ನಿಂತು ಹೇಳಲಿ. ಸಂತೆ ಮಾತು ಈಗಲೇ ಇನ್ನೊಂದು ಸಲ ಕೇಳಿ."

ದೊರೆ ಜನರ ಕಡೆ ತಿರುಗಿದರು. "ಇವಳು ಹೇಳಿದ ಹಾಗೆ ಮಾಡೋಣವೇ?"

"ಹೂಂ," ಅಂದಿತು ಇಡೀ ಅಂಗಳ.

ತಿಪ್ಪವ್ವ ಹಣೆ ಹಣೆ ಚಚ್ಚಿಕೊಂಡಳು. "ಥೂ, ನಿಮ್ಮ! ಬಾಯಿ ಬಿಡ್ರೋ!"

ಕಂಬದ ಬಳಿ ಭಾಸ್ಕರಭಟ್ಟರು ಗಂಟಲು ಸರಿಮಾಡಿಕೊಂಡರು. "ಸಂತೆ ಮುಚ್ಚಕೂಡದು," ಎಂದರು. "ನಮ್ಮ ಮನೆಯವಳಿಗೆ ಕೊಸರಿಲ್ಲದೆ ಆಗುವುದಿಲ್ಲ." ಕುಂಬಾರರ ಕಡೆಯಿಂದ ಒಬ್ಬ, "ಸಂತೆ ಬೇಕು, ಆದರೆ ಕಸ ಹಾಕೋಕೆ ಒಂದು ಗುಂಡಿ ತೋಡಿಸಿ" ಅಂದ. ಎಲ್ಲಿ, ಯಾರ ಮನೆ ಮುಂದೆ ಅಂತ ಇನ್ನೊಬ್ಬಳು ಜಗಳಕ್ಕೆ ನಿಂತಳು. ಹೊತ್ತು ಇಳಿಯುವವರೆಗೂ ಮಾತು ಮುಗಿಯಲಿಲ್ಲ. ಸಂತೆ ಉಳಿಯಿತು. ದೊರೆ ತಿಪ್ಪವ್ವನಿಗೆ ಪಟ್ಟೆ ಸೀರೆ ಉಡಿಸಿ, ಸಭೆಯಲ್ಲಿ ಮೊದಲ ಸಾಲಿನ ಮಣೆ ಕೊಟ್ಟರು.

ಕರಿಗಲ್ಲೂರಿನವರು ಈ ಕತೆ ಹೇಳುವಾಗ ಕೇಳುವವರು ಹೂಂಗುಟ್ಟುವ ಹಾಗಿಲ್ಲ. ಹೂಂ ಅಂದರೆ ಕತೆ ಅಲ್ಲಿಗೇ ನಿಲ್ಲುತ್ತದೆ, ಬಾಯಿ ಬಿಟ್ಟು "ಆಮೇಲೆ?" ಅಂತ ಕೇಳುವತನಕ.