ಪೂರ್ತಿ ಇಳಿಯದ ಫೈಲು

ಶಿಷ್ಯ ಕೇಳಿದ: "ಗುರುಗಳೇ, ಲಿನಕ್ಸ್‌ಗೆ ಹೊಸ ತಂತ್ರಾಂಶ ಹಾಕಲು ಹಲವು ಫೈಲುಗಳನ್ನು ಒಂದೇ ಗಂಟು ಕಟ್ಟಿದ ಟಾರ್ ಫೈಲು ಇಳಿಸಿಕೊಂಡೆ. ಬಿಚ್ಚುವ ಮೊದಲು ಫೈಲು ಪೂರ್ತಿ ಬಂದಿದೆಯೇ ಎಂದು ತೋರಿಸುವ ಗುರುತಿನ ಸಾಲು, ಅಂದರೆ ಚೆಕ್‌ಸಮ್ ತೆಗೆದು, ತಯಾರಿಸಿದವರು ಕೊಟ್ಟದ್ದಕ್ಕೆ ತಾಳೆ ನೋಡು ಎನ್ನುತ್ತೀರಿ. ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ, ಓಡಿಸಿದರೆ ಓಡುತ್ತದೆ. ಸುಮ್ಮನೆ ಹೊತ್ತು ಯಾಕೆ ಹಾಳು ಮಾಡಬೇಕು?"

"ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ನಿನ್ನನ್ನು ನೋಡಿಯೇ ಹೇಳಿರಬೇಕು. ಕೂತುಕೋ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಸಣ್ಣ ಊರಿನ ದವಾಖಾನೆಯಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಒಳ್ಳೆಯವನು, ಚುರುಕಿನವನು. ಅಲ್ಲಿನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದವನೂ ಅವನೇ. ರೋಗಿಗೆ ಒಗ್ಗದ ಔಷಧಿ ಕೊಡಹೊರಟರೆ ಕೆಂಪು ಅಕ್ಷರದಲ್ಲಿ ಎಚ್ಚರಿಸುವ ತಂತ್ರಾಂಶವೊಂದು ಪುಕ್ಕಟೆ ಸಿಗುತ್ತದೆಂದು ಅವನಿಗೆ ತಿಳಿಯಿತು. ಡೌನ್‌ಲೋಡ್‌ಗೆ ಹಾಕಿದ. ನೆಟ್ ಕಡಿದು ಕಡಿದು ಬರುತ್ತಿತ್ತು. ಇಳಿಯುವುದು ನಿಂತಾಗ, ಮುಗಿಯಿತು ಎಂದುಕೊಂಡು ಟರ್ಮಿನಲ್‌ನಲ್ಲಿ ಬಿಚ್ಚುವ ಆಜ್ಞೆ ಕೊಟ್ಟ. ನೂರಾರು ಹೆಸರುಗಳು ಸರಸರನೆ ಮೇಲೆ ಸರಿದವು. ಕೊನೆಗೆ ಒಂದು ಸಾಲು ಉಳಿಯಿತು: ಫೈಲು ನಡುವೆಯೇ ಮುಗಿದಿದೆ. ಇಂಥವು ಬರುತ್ತಲೇ ಇರುತ್ತವೆ ಎಂದು ಅವನು ಪರದೆ ಅಳಿಸಿದ. ತಂತ್ರಾಂಶ ಓಡಿಸಿದ. ಓಡಿತು.

ಬಾರದೆ ಉಳಿದದ್ದು ಒಂದೇ ಒಂದು ಪಟ್ಟಿ. ಬೇರೆ ಬೇರೆ ಹೆಸರಿನ ಯಾವ ಔಷಧಿಗಳು ಒಂದೇ ಗುಂಪಿನವು ಎಂದು ಹೇಳುವ ಪಟ್ಟಿ. ಅದಿಲ್ಲದಿದ್ದರೆ ತಂತ್ರಾಂಶ ತಕರಾರು ಮಾಡುವುದಿಲ್ಲ, ಔಷಧಿಯ ಹೆಸರು ಬೇರೆಯಾದರೆ ಎಚ್ಚರಿಸದೆ ಸುಮ್ಮನಿರುತ್ತದೆ.

ಕಾಂಪೌಂಡರ್ ಮೂರು ವಾರ ಕೂತು ಎಲ್ಲ ರೋಗಿಗಳ ವಿವರ ತುಂಬಿದ. ಒಬ್ಬ ಬಡಗಿಯ ಹೆಸರಿನ ಮುಂದೆ 'ಪೆನಿಸಿಲಿನ್ ಒಗ್ಗದು' ಎಂದು ತಾನೇ ಬರೆದ. ಅದುವರೆಗೆ ಡಾಕ್ಟರು ಯಾವ ಔಷಧಿ ಒಗ್ಗುವುದಿಲ್ಲವೆಂದು ಪ್ರತಿಯೊಬ್ಬರನ್ನೂ ಬಾಯಿಬಿಟ್ಟು ಕೇಳುತ್ತಿದ್ದರು. ಈಗ ಕಂಪ್ಯೂಟರು ಇದೆಯಲ್ಲ ಎಂದು ಕೇಳುವುದನ್ನು ಬಿಟ್ಟರು.

ಒಂದು ದಿನ ಬಡಗಿ ಬಂದ. ಉಳಿ ತಗುಲಿದ ಗಾಯ ಕೀವುಗಟ್ಟಿತ್ತು. ಡಾಕ್ಟರು ಇಂಜೆಕ್ಷನ್ ಬರೆದರು. ಅದರ ಹೆಸರು ಬೇರೆ, ಗುಂಪು ಪೆನಿಸಿಲಿನ್ನಿನದೇ. ಕಾಂಪೌಂಡರ್ ಕಂಪ್ಯೂಟರಿನಲ್ಲಿ ನೋಡಿದ. ಕೆಂಪು ಬರಲಿಲ್ಲ. ಚುಚ್ಚಿದ. ಬಡಗಿ ಬೆಂಚಿನಿಂದ ಮತ್ತೆ ಏಳಲಿಲ್ಲ.

ಅವನ ಹೆಂಡತಿ ಓಡಿ ಬಂದಳು. "ಒಗ್ಗಲ್ಲ ಅಂತ ನಾನೇ ಹೇಳಿ ಬರೆಸಿದ್ನಲ್ಲಣ್ಣ. ನಿಮ್ಮ ಕಂಪ್ಯೂಟ್ರು ಏನೂ ಹೇಳ್ಲಿಲ್ವಾ?"

"ಇಲ್ಲ ಕಣಮ್ಮ. ಏನೂ ಹೇಳ್ಲಿಲ್ಲ" ಎಂದ ಕಾಂಪೌಂಡರ್.

"ಆ ಹೆಂಗಸನ್ನು ನಾನು ನೋಡಿದ್ದೇನೆ" ಎಂದರು ಗುರುಗಳು. ಮತ್ತೆ ಮುಂದುವರಿಸಿದರು.

ಹೆಣ ಮನೆಗೆ ಹೋದ ಮೇಲೆ ಕಾಂಪೌಂಡರ್ ಅದೇ ಫೈಲನ್ನು ಮೊದಲಿನಿಂದ ಇಳಿಸಿದ. ಈ ಸಲ ಚೆಕ್‌ಸಮ್ ತೆಗೆದು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದ. ಬಿಚ್ಚಿದ. ಬಡಗಿಯ ಹೆಸರು ಹಾಕಿ ಅದೇ ಇಂಜೆಕ್ಷನ್ನಿನ ಹೆಸರು ಒತ್ತಿದ. ಪರದೆ ಕೆಂಪಾಯಿತು.

ಶಿಷ್ಯ ತಲೆ ತಗ್ಗಿಸಿದ್ದ. ತಲೆ ಎತ್ತದೆಯೇ ಕೇಳಿದ: "ಎರಡನೆಯ ಸಲ ಅವನಿಗೆ ಎಷ್ಟು ಹೊತ್ತು ಹಿಡಿಯಿತು, ಗುರುಗಳೇ?"

"ಆರು ನಿಮಿಷ ಕಣಪ್ಪ, ತಾಳೆ ನೋಡಿದ್ದೂ ಸೇರಿ."