ಗಿಣ್ಣಿನ ಪರೀಕ್ಷೆ

ನನ್ನ ಮೊಮ್ಮಗಳು ಚಾರುಮತಿ ನರ್ಸಿಂಗ್ ಪರೀಕ್ಷೆ ಹೇಗೆ ಗೆದ್ದಳು, ಊಹಿಸಿ ನೋಡೋಣ! ಹೆರಿಗೆ ವಾರ್ಡಿನಲ್ಲೇ ಪರೀಕ್ಷೆ; ಎದೆಹಾಲಿನ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಆದರೂ ಪರೀಕ್ಷಕಿ ಮೂಗು ಮುರಿದರು.

"ಬಾಯಿಪಾಠ ಯಾರಿಗೆ ಬರಲ್ಲ? ಅಲ್ಲಿ ಬಾಣಂತಿ ಮಗಳ ಮೊದಲ ಹಳದಿ ಹಾಲು ಚೆಲ್ಲಿಸ್ತಿದ್ದಾಳಲ್ಲ, ಆ ಅಜ್ಜಿಯನ್ನು ಮಗುವಿಗೆ ಕುಡಿಸೋಕೆ ಒಪ್ಪಿಸು. ಇಲ್ಲವಾದರೆ ಫೇಲು!"

ಡಾಕ್ಟರ ಮಾತಿಗೂ ಜಗ್ಗದ ಅಜ್ಜಿ ಅದು. ಚಾರುಮತಿ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು: "ಅಜ್ಜೀ, ಹಸು ಕರು ಹಾಕಿದಾಗ ಗಿಣ್ಣುಹಾಲು ಚೆಲ್ತೀರಾ?"

"ಚೆಲ್ಲೋಕೆ ನನಗೇನು ಹುಚ್ಚೇನೇ? ಬೆಲ್ಲ ಹಾಕಿ ಬೇಯಿಸಿದರೆ ಮನೆಮಂದಿಯೆಲ್ಲ ಕಿತ್ತಾಡ್ತಾರೆ!"

"ಹಾಗಾದರೆ ಮೊಮ್ಮಗನ ಗಿಣ್ಣು ಯಾಕಜ್ಜಿ ಬಚ್ಚಲಿಗೆ?"

ಅಜ್ಜಿ ತಟ್ಟನೆ ತಿರುಗಿ ಮಗಳ ಮೇಲೆ ರೇಗಿದಳು: "ಏನು ನೋಡ್ತಾ ಕೂತಿದ್ದೀಯೇ? ಕುಡಿಸು!"

ಪರೀಕ್ಷಕಿ ಪೂರ್ತಿ ಅಂಕ ಕೊಟ್ಟು, ಆ ಪ್ರಶ್ನೆಯನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರಂತೆ! ಅದು 2024ರ ಆಗಸ್ಟ್ ಮೂರು, ಶನಿವಾರ.