ಹೂಜಿಯ ಹೆಗಲಿನ ಹುಣಸೆಬೀಜ

ಹೇಮಾವತಿ ಹೊಳೆಯ ದಂಡೆಯಲ್ಲಿ ಒಂದು ಹೆಂಚಿನ ಮನೆ. ಅಲ್ಲಿದ್ದವರೆಲ್ಲ ಬೆಳಗಿನಿಂದ ಸಂಜೆಯವರೆಗೆ ಒಂದು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಹಾಗಾಗಿ ಊರಿನವರು ಅದಕ್ಕೆ ಒಕ್ಕಣ್ಣಿನ ಆಶ್ರಮ ಅಂತ ಹೆಸರಿಟ್ಟಿದ್ದರು.

ನಿಜಕ್ಕೂ ಅದು ಗವಿರಂಗಯ್ಯ ಮೇಷ್ಟ್ರ ಕಾರ್ಯಾಗಾರ. ಮೂಳೆ ಡಾಕ್ಟರುಗಳು ಕೀಲಿನೊಳಗೆ ಇಳಿಸಿ ನೋಡುವ ಆರ್ಥ್ರೋಸ್ಕೋಪ್ ಎಂಬ ಕೊಳವೆಗೆ ಗಾಜು ಹೊಂದಿಸುವ ವಿದ್ಯೆಯನ್ನು ಅವರು ಅಲ್ಲಿ ಕಲಿಸುತ್ತಿದ್ದರು. ಪೆನ್ಸಿಲಿಗಿಂತ ತೆಳ್ಳಗಿನ ಕೊಳವೆ. ಅದರೊಳಗೆ ಒಂದರ ಹಿಂದೊಂದು ಗಾಜಿನ ಕಡ್ಡಿಗಳು. ಒಂದು ತುದಿ ಮೊಣಕಾಲಿನೊಳಗೆ, ಇನ್ನೊಂದು ತುದಿಯಲ್ಲಿ ಕಣ್ಣು ಅಥವಾ ಕ್ಯಾಮೆರಾ. ಬೆಳಕೂ ಅದರ ಜೊತೆಗೇ ಒಳಗೆ ಹೋಗುತ್ತದೆ.

ಮಾತಿನಲ್ಲಿ ಮೇಷ್ಟ್ರು ಕಡು ಜಿಪುಣರು. ಪ್ರಶ್ನೆ ಕೇಳಿದರೆ ಕೈಗೆ ಸಿಕ್ಕಿದ್ದನ್ನು ಎತ್ತಿ ಮುಂದಿಡುತ್ತಿದ್ದರು. ತಲೆ ಕೆರೆದುಕೊಳ್ಳುವುದು ಕೇಳಿದವರ ಪಾಲಿಗೆ.

ಆ ಮನೆಯಲ್ಲಿ ಕೊಳವೆಗಳದ್ದು ಎರಡೇ ಜಾತಿ. ನೆಟ್ಟಗೆ ಮುಂದಕ್ಕೆ ನೋಡುವುದು ಮೂಗುನೇರ. ತುದಿಯಲ್ಲಿ ಪಟ್ಟಕ ಎಂಬ ಓರೆಮೈಯ ಗಾಜಿನ ಚೂರಿಟ್ಟು ನೋಟವನ್ನು ಪಕ್ಕಕ್ಕೆ ಹೊರಳಿಸಿದ್ದು ಓರೆಗಣ್ಣು. ಮೇಷ್ಟ್ರಿಗೆ ಹೆಸರು ತಂದುಕೊಟ್ಟದ್ದು ಮೂಗುನೇರ.

ಮೇಷ್ಟ್ರ ಮೊಣಕಾಲು ನೋಯಲು ಶುರುವಾದಾಗ ಡಾಕ್ಟರ್ ಇನಾಯತ್ ಅದೇ ಮೂಗುನೇರವನ್ನು ಇಳಿಸಿ ನೋಡಿದರು.

"ಒಳಗೆ ಏನೂ ಇಲ್ಲ ಮೇಷ್ಟ್ರೇ," ಅಂದರು.

ಶಿಷ್ಯೆ ಕುಮುದ ಪಕ್ಕದಲ್ಲೇ ಇದ್ದಳು. "ವಯಸ್ಸಾಯ್ತಲ್ಲ ಮೇಷ್ಟ್ರೇ," ಅಂದಳು. ಸಮಾಧಾನಕ್ಕೆ ಅಂದದ್ದು.

"ಇರಬಹುದು," ಅಂದರು ಮೇಷ್ಟ್ರು.

ಹುಡುಗನಾಗಿದ್ದಾಗಿನಿಂದ ಹೊಳೆಯಲ್ಲಿ ಮುಳುಗಿ ಎದ್ದವರು ಅವರು. ಈಗ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂತು, ಕುಮುದ ತಂದುಕೊಟ್ಟ ಚೊಂಬಿನ ನೀರನ್ನೇ ತಲೆಗೆ ಸುರಿದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನೀರು ಸುರಿದುಕೊಳ್ಳುವುದನ್ನೂ ಮರೆತು ಹೊಳೆಯನ್ನೇ ನೋಡುತ್ತ ಕೂತಿದ್ದರು. ಕುಮುದ ಹತ್ತಿರ ಬಂದು ಕೂತಳು.

"ಮೇಷ್ಟ್ರೇ, ಇನ್ನೊಂದು ಸಲ ಒಳಗೆ ನೋಡಿಸೋಣ. ಕೊಳವೆ ನಾನು ಮಾಡ್ತೀನಿ."

"ಮಾಡು."

"ಮಾಡಿದ್ರೆ ನೋಡಿಸ್ಕೋತೀರಾ?"

"ಈ ಮನೇಲಿ ಒಪ್ಪಿಗೆಯಾದ ಕೊಳವೆಯಾದ್ರೆ ನೋಡಿಸ್ಕೋತೀನಿ. ಇಲ್ಲದಿದ್ರೆ ನನಗೆ ಚೊಂಬೇ ಸಾಕು."

ಒಪ್ಪಿಗೆ ಕೊಡುವವರು ಅವರೇ. ನೋಯುವುದು ತಮ್ಮದೇ ಕಾಲು ಅಂತ ಕೂದಲೆಳೆಯಷ್ಟೂ ಸಡಿಲ ಬಿಡುವ ಪೈಕಿ ಅವರಲ್ಲ. ಅದು ಕುಮುದಳಿಗೂ ಗೊತ್ತಿತ್ತು. ಗೊತ್ತಿದ್ದೇ ಸೆರಗು ಸಿಕ್ಕಿಸಿದಳು.

ಮೂಗುನೇರಕ್ಕೆ ಕಾಣುವುದು ಸಾಲದು, ಇನ್ನೂ ಅಗಲ ಕಾಣಬೇಕು ಅಂತ ಅವಳ ಲೆಕ್ಕ. ಗಾಜು ಬದಲಿಸಿ, ತುದಿ ಬದಲಿಸಿ, ಮೇಷ್ಟ್ರ ಕೊಳವೆಗಿಂತ ಹೆಚ್ಚು ಅಗಲ ಕಾಣುವ ಮೂಗುನೇರ ಮಾಡಿ ತಂದಳು.

ಮೇಷ್ಟ್ರು ಅದನ್ನು ಕಣ್ಣಿಗೂ ಹಿಡಿಯಲಿಲ್ಲ. ಕುಡಿಯುವ ನೀರಿನ ಮಣ್ಣಿನ ಹೂಜಿಯನ್ನು ಬರಿದು ಮಾಡಿದರು. ಒಳಗೆ ಎರಡು ಬೆರಳು ಬಾಗಿಸಿ ಏನನ್ನೋ ಮೇಣದಲ್ಲಿ ಅಂಟಿಸಿದರು. ಹೂಜಿಯ ಬಾಯಿಗೆ ಬೆಂಡು ಬಡಿದು, ಬೆಂಡಿನಲ್ಲಿ ಕೊಳವೆ ಹೋಗುವಷ್ಟೇ ತೂತು ಕೊರೆದರು.

"ಒಳಗೆ ಹುಣಸೆಬೀಜ ಇದೆಯಾ, ನೋಡಿ ಹೇಳು."

ಕುಮುದ ಕೊಳವೆ ತೂರಿಸಿದಳು. ಹೂಜಿಯ ತಳ ಕಂಡಿತು, ಹೊಟ್ಟೆ ಕಂಡಿತು, ಕುಂಬಾರನ ಬೆರಳಿನ ಗೆರೆಗಳೂ ಕಂಡವು. ಮುಂದೆ ತಳ್ಳಿದಳು, ಹಿಂದೆ ಎಳೆದಳು.

"ಇಲ್ಲ ಮೇಷ್ಟ್ರೇ. ಒಳಗೆ ಬೀಜ ಇಲ್ಲ."

ಮೇಷ್ಟ್ರು ಬೆಂಡು ಕಿತ್ತರು. ಹೂಜಿಯ ಕತ್ತಿನ ಕೆಳಗೆ, ಹೆಗಲಿನ ಒಳಮೈಯಿಂದ ಬೀಜ ಬಿಡಿಸಿ ಅವಳ ಅಂಗೈಯಲ್ಲಿಟ್ಟರು.

"ಬೀಜ ಇಲ್ಲ ಅಂದೆ."

"ಕಾಣಲಿಲ್ಲ ಮೇಷ್ಟ್ರೇ."

"ಆಗ ಹಾಗಂದೆಯಾ?"

ಅವಳು ಅಂಗೈಯ ಬೀಜವನ್ನು ಹೊರಳಿಸಿ ನೋಡಿದಳು.

"ಎಲ್ಲರೂ ಅವರವರ ಮೂಗಿನ ನೇರಕ್ಕೇ ನೋಡೋದಮ್ಮ. ಮೂಗು ಅಗಲ ಮಾಡಿದ್ರೆ ನೇರ ಬದಲಾಗುತ್ತಾ?"

ಅವತ್ತೇ ಕುಮುದ ಆ ಕೊಳವೆ ಬಿಚ್ಚಿ ಓರೆಗಣ್ಣಿಗೆ ಕೈ ಹಚ್ಚಿದಳು.

ಓರೆಗಣ್ಣಿನ ಪಟ್ಟಕ ಅಕ್ಕಿಕಾಳಿನಷ್ಟಿರುತ್ತದೆ. ಅದರ ಮೈ ಒಂದಿಷ್ಟು ಹೆಚ್ಚು ಸವೆದರೂ ನೋಟ ಎತ್ತಲೋ ಹೋಗುತ್ತದೆ. ಅವಳದ್ದೂ ಹೋಯಿತು. ಒಂದು ಸಲ ಚಿತ್ರ ತಲೆಕೆಳಗಾಗಿ ಬಂತು. ಇನ್ನೊಂದು ಸಲ ಎಡ ಬಲವಾಯಿತು. ಊಟಕ್ಕೆ ಕರೆದರೆ "ಬಂದೆ" ಅನ್ನುತ್ತಿದ್ದಳು, ಬರುತ್ತಿರಲಿಲ್ಲ. ಮೇಷ್ಟ್ರು ತಟ್ಟೆಗೆ ಮುಚ್ಚಳ ಹಾಕಿಡುತ್ತಿದ್ದರು.

ಕಡೆಗೊಂದು ದಿನ, ಮೇಷ್ಟ್ರು ಮತ್ತೆ ಬೀಜ ಅಂಟಿಸಿಟ್ಟ ಹೂಜಿಯ ಬೆಂಡಿನಲ್ಲಿ ಕೊಳವೆ ತೂರಿಸಿ, ಹಿಂದೆ ಮುಂದೆ ಆಡಿಸದೆ, ಎರಡು ಬೆರಳಿನಲ್ಲಿ ಸುಮ್ಮನೆ ತಿರುಗಿಸಿದಳು. ನೋಟ ಹೂಜಿಯ ಒಳಮೈಯನ್ನು ಸುತ್ತುತ್ತ ಬಂತು. ಚಿತ್ರದ ಅಂಚಿನಲ್ಲಿ ಹುಣಸೆಬೀಜ ಮಿರಮಿರ ಮಿಂಚಿತು.

"ಸಿಕ್ತು ಮೇಷ್ಟ್ರೇ. ಹೆಗಲ ಒಳಮೈಯಲ್ಲಿ, ಗೋಡೆ ಕಡೆಗೆ."

ಮೇಷ್ಟ್ರು ಹೂಜಿಯನ್ನು ಅವಳ ಕೈಗೆ ಕೊಟ್ಟರು.

"ಹೊಳೆಯಿಂದ ತುಂಬಿಸ್ಕೊಂಡು ಬಾ."

ಬಾಯಾರಿರಬೇಕು ಅಂದುಕೊಂಡಳು. ಗೆದ್ದ ಖುಷಿಯಲ್ಲಿ ಓಡಿಹೋಗಿ ತುಂಬಿಸಿ ತಂದಳು. ಮೇಷ್ಟ್ರು ಕುಡಿಯಲಿಲ್ಲ. ಬೆಂಡನ್ನು ಮತ್ತೆ ಬಡಿದರು.

"ಈಗ ನೋಡು."

ಕುಮುದ ನೋಡಿದಳು. ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು ತಿರುಗಿಸಿದಳು. ಬೀಜ ಕಾಣಲಿಲ್ಲ. ನೋಟವೇ ಕಿರಿದಾಗಿತ್ತು.

ನೀರಿನ ಗುಣವೇ ಅದು. ಗಾಳಿಯಿಂದ ಗಾಜಿಗೆ ಬರುವ ಬೆಳಕು ಚೆನ್ನಾಗಿ ಬಾಗುತ್ತದೆ, ಅಂಚಿನಲ್ಲಿರುವುದೂ ಒಳಗೆ ಬರುತ್ತದೆ. ನೀರಿನಿಂದ ಬರುವ ಬೆಳಕು ಅಷ್ಟು ಬಾಗುವುದಿಲ್ಲ, ಅಂಚಿನದ್ದು ಹೊರಗೇ ಉಳಿಯುತ್ತದೆ. ಡಾಕ್ಟರುಗಳು ಕೀಲಿನೊಳಗೆ ಉಪ್ಪುನೀರು ತುಂಬಿ, ಉಬ್ಬಿಸಿ, ಆಮೇಲೆ ನೋಡುತ್ತಾರೆ. ಇದೆಲ್ಲ ಕುಮುದಳಿಗೆ ಬಾಯಿಪಾಠ. ಆದರೆ ಅವಳ ಮೇಜು ಒಣಗಿತ್ತು, ಹೂಜಿ ಒಣಗಿತ್ತು. ಅವಳೂ ಒಣ ಲೆಕ್ಕವನ್ನೇ ಹಾಕಿದ್ದಳು.

"ನನ್ನ ಮೊಣಕಾಲಿಗೆ ಗಾಳಿ ತುಂಬಿಸೋಣ ಅಂತಿದ್ದೆಯೇನಮ್ಮ, ಸೈಕಲ್ಲಿಗೆ ತುಂಬಿಸಿದ ಹಾಗೆ?"

ಅವಳಿಗೆ ನಗು ಬರಲಿಲ್ಲ. ಮೆಟ್ಟಿಲಿಗೆ ಹೋಗಿ ಕೂತಳು. ತನ್ನ ಮೇಲೆಯೇ ಸಿಟ್ಟು ಬಂದು ಕಣ್ಣು ತುಂಬಿಕೊಂಡಿತ್ತು. ಕೋಲೂರಿಕೊಂಡು ಮೇಷ್ಟ್ರೂ ಬಂದು ಪಕ್ಕದಲ್ಲಿ ನಿಂತರು.

"ಹೊಳೆ ಪಕ್ಕದಲ್ಲಿ ಕೂತು ನೀರನ್ನ ಮರೆತೆನಲ್ಲ ಮೇಷ್ಟ್ರೇ."

"ಪಕ್ಕದಲ್ಲಿರೋದನ್ನೇ ಮರೆಯೋದು."

ಮರುದಿನ ಬೆಳಿಗ್ಗೆ ಕುಮುದ ಮೇಜನ್ನು ಹೊತ್ತುಕೊಂಡು ಹೋಗಿ ಹೊಳೆಯ ಮೆಟ್ಟಿಲಲ್ಲೇ ಹೂಡಿದಳು. ಕಾಲು ನೀರಿನಲ್ಲಿ. ಕೊಳವೆಯ ತುದಿಯೂ ನೀರಿನಲ್ಲಿ. ನೀರಿನಲ್ಲಿ ಕಾಣದ ಯಾವುದನ್ನೂ ಕಂಡಿತು ಅಂತ ಒಪ್ಪುವುದಿಲ್ಲ ಅಂತ ಹಟ ಹಿಡಿದಳು.

ನೋಟ ಅಗಲ ಮಾಡಿದರೆ ಅಂಚಿನ ಗೆರೆಗಳು ಸುಟ್ಟ ಹಪ್ಪಳದ ಹಾಗೆ ಬಾಗುತ್ತಿದ್ದವು. ಅವನ್ನು ನೆಟ್ಟಗೆ ಮಾಡಿದರೆ ಅಂಚು ಕಪ್ಪಾಗುತ್ತಿತ್ತು. ಕಪ್ಪು ಬಿಡಿಸಿದರೆ ಬಣ್ಣ ಒಡೆಯುತ್ತಿತ್ತು. ಈ ಕಡೆ ಒತ್ತಿದರೆ ಆ ಕಡೆ ಉಬ್ಬುವ ಕೆಲಸ. ಬಟ್ಟೆ ಒಗೆಯಲು ಬಂದ ಹೆಂಗಸರು, "ಮೀನು ಬಿತ್ತೇನವ್ವಾ?" ಅಂತ ಕೇಳಿ ನಗುತ್ತಿದ್ದರು. ಕುಮುದಳೂ ನಗುತ್ತಿದ್ದಳು, ಕೊಳವೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಮೇಷ್ಟ್ರು ಚೊಂಬಿನಿಂದ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಅವಳ ಹಟ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಕಡೆಗೂ ನೀರು ತುಂಬಿದ ಹೂಜಿಯಲ್ಲಿ ಬೀಜ ಕಂಡಿತು. ಅಂಚಿನವರೆಗೂ ಸ್ವಚ್ಛ.

"ಆಯ್ತು ಮೇಷ್ಟ್ರೇ."

"ಎಲ್ಲಾ ಕಾಣುತ್ತಾ?"

"ಎಲ್ಲಾ ಕಾಣುತ್ತೆ."

"ಹಾಗಾದ್ರೆ ಇನ್ನೂ ಆಗಿಲ್ಲ."

ಅಷ್ಟು ಹೇಳಿ ಕೋಲೂರಿಕೊಂಡು ಒಳಗೆ ಹೋದರು.

ಕುಮುದಳಿಗೆ ಮೈಯೆಲ್ಲ ಉರಿಯಿತು. ಕಾಣದಿದ್ದರೂ ತಪ್ಪು, ಕಂಡರೂ ತಪ್ಪು. ಇವರಿಗೆ ಕಾಲು ನೋವೋ, ನನ್ನನ್ನು ಗೋಳು ಹೊಯ್ದುಕೊಳ್ಳುವ ಚಟವೋ ಅಂತ ಗೊಣಗುತ್ತ ಹೂಜಿಯ ಬೆಂಡು ಕಿತ್ತು ಎಸೆದಳು. ಕೊಳವೆಯನ್ನು ನೀರೊಳಗೆ ಅದ್ದಿ ಸಿಟ್ಟಿನಲ್ಲಿ ಅತ್ತ ಇತ್ತ ಆಡಿಸಿದಳು.

ಟಕ್ ಅಂತು.

ತುದಿ ಎಲ್ಲೋ ತಗುಲಿತ್ತು. ಎಲ್ಲಿ ಅಂತ ಚಿತ್ರದಲ್ಲಿ ಕಾಣಲಿಲ್ಲ. ಕಂಡದ್ದೆಲ್ಲ ಸ್ವಚ್ಛವಾದ, ದುಂಡಗಿನ, ಚೆಂದದ ಚಿತ್ರ. ಸ್ವಲ್ಪ ಹೊತ್ತಾದ ಮೇಲೆ ಹೂಜಿಯ ಮೈಯಿಂದ ಎದ್ದ ಮಣ್ಣಿನ ಚಕ್ಕೆಯೊಂದು ತೇಲುತ್ತ ಆ ಚಿತ್ರದೊಳಗೆ ಬಂತು.

ಕುಮುದ ಕೊಳವೆಯನ್ನು ಮೆಲ್ಲಗೆ ಹೊರಗೆಳೆದಳು. ಇದು ಹೂಜಿಯಾದ್ದರಿಂದ ಮಣ್ಣು ಎದ್ದಿತು. ಮೇಷ್ಟ್ರ ಮೊಣಕಾಲಾಗಿದ್ದರೆ?

ಓರೆಯಾಗಿ ನೋಡುವ ಕಣ್ಣಿಗೆ ಒಂದು ಬೆನ್ನೂ ಇರುತ್ತದೆ. ಆ ಬೆನ್ನು ಈಗ ಯಾವ ಕಡೆಗಿದೆ ಅಂತ ಹೇಳಲು ದುಂಡು ಚಿತ್ರದಲ್ಲಿ ಒಂದು ಗುರುತೂ ಇರಲಿಲ್ಲ. ಇಷ್ಟು ಕಷ್ಟಪಟ್ಟು ಗಳಿಸಿದ ನೋಟದಲ್ಲಿ ಗುರುತಿಗೆ ಅಂತ ಚೂರನ್ನೂ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಿರಲಿಲ್ಲ.

ಕೊಳವೆ ಬಿಚ್ಚಿದಳು. ಚಿತ್ರಕ್ಕೆ ಚೌಕಟ್ಟಾಗಿದ್ದ ಬಳೆಯಲ್ಲಿ ಒಂದು ಪುಟ್ಟ ಮುಳ್ಳು ಎಬ್ಬಿಸಿ ಕೂರಿಸಿದಳು. ಈಗ ನೋಟ ಎತ್ತ ಓರೆಯಾಗಿದೆಯೋ ಅತ್ತ ಅಂಚಿನಲ್ಲೇ ಒಂದು ಕರಿ ಚುಕ್ಕೆ ಕಾಣುತ್ತಿತ್ತು. ಕೊಳವೆ ತಿರುಗಿದರೆ ಚುಕ್ಕೆಯೂ ತಿರುಗುತ್ತಿತ್ತು.

ಮೇಷ್ಟ್ರ ಮುಂದೆ ತಂದಿಟ್ಟಳು.

"ಎಲ್ಲಾ ಕಾಣುತ್ತಾ?"

"ಇಲ್ಲ ಮೇಷ್ಟ್ರೇ. ಎಳ್ಳಿನಷ್ಟು ನಾನೇ ಮುಚ್ಚಿದೀನಿ."

"ಯಾಕೆ?"

"ಎತ್ತ ನೋಡ್ತಿದೀನಿ ಅಂತ ಗೊತ್ತಾದ್ರೆ, ಎತ್ತ ನೋಡ್ತಿಲ್ಲ ಅಂತಾನೂ ಗೊತ್ತಾಗುತ್ತೆ."

ಮೇಷ್ಟ್ರು ಒಂದು ಕಣ್ಣು ಮುಚ್ಚಿ, ಕೊಳವೆಯನ್ನು ಇನ್ನೊಂದು ಕಣ್ಣಿಗೆ ಹಿಡಿದು, ಬಹಳ ಹೊತ್ತು ತಿರುಗಿಸುತ್ತ ಕೂತರು.

"ಇನಾಯತ್ ಡಾಕ್ಟರಿಗೆ ಫೋನ್ ಮಾಡು," ಅಂದರು.

ಹೊಸ ಕೊಳವೆಗೆ ಆಸ್ಪತ್ರೆಯವರ ಪರೀಕ್ಷೆಗಳೆಲ್ಲ ಮುಗಿಯುವ ಹೊತ್ತಿಗೆ ಮಳೆಗಾಲ ಕಳೆದು ಹೊಳೆ ತಿಳಿಯಾಗಿತ್ತು. ಡಾಕ್ಟರ್ ಇನಾಯತ್ ಮೇಷ್ಟ್ರ ಮೊಣಕಾಲಿಗೆ ಕುಮುದಳ ಓರೆಗಣ್ಣನ್ನು ಇಳಿಸಿದರು. ಕುಮುದ ಗಾಜಿನ ಬಾಗಿಲಿನಾಚೆ ನಿಂತು ಪರದೆ ನೋಡುತ್ತಿದ್ದಳು.

ಡಾಕ್ಟರು ಕೊಳವೆಯನ್ನು ನಿಧಾನವಾಗಿ ತಿರುಗಿಸಿದರು. ಕರಿ ಚುಕ್ಕೆ ಮೇಲಿನಿಂದ ಪಕ್ಕಕ್ಕೆ, ಪಕ್ಕದಿಂದ ಕೆಳಕ್ಕೆ ಹೊರಳಿತು. ಕೀಲಿನ ಹಿಂಬದಿಯ ಮೂಲೆ ಕಂಡಿತು. ಮೂಳೆಗಳ ನಡುವಿನ ಮೆತ್ತೆಯ ಹರಿದ ಚೂರೊಂದು ಅಲ್ಲಿ ಮಡಚಿಕೊಂಡು ಕೂತಿತ್ತು.

ಡಾಕ್ಟರ ಕೈ ನಿಂತಿತು. ಆಮೇಲೆ ಅವರು ಕತ್ತರಿ ಕೇಳಿದರು.

ಕುಮುದಳಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ವಯಸ್ಸಾಯ್ತಲ್ಲ ಅಂದಿದ್ದಳಲ್ಲ, ಆ ಮಾತು ನೆನಪಾಯಿತು.

ಗಾಯ ಮಾಗಿ, ಡಾಕ್ಟರು ಸರಿ ಅಂದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸಿ ಹೊಳೆಗೆ ಹೊರಟರು. ರೂಢಿಯಂತೆ ಕುಮುದ ಚೊಂಬು ಹಿಡಿದು ಹಿಂದೆ ಹೋದಳು. ಅವರು ಒಂದೊಂದೇ ಮೆಟ್ಟಿಲು ಇಳಿದರು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು.

ಅವಳು ಅಷ್ಟು ದಿನ ನುಂಗಿಕೊಂಡಿದ್ದನ್ನು ಆಗ ಕೇಳಿದಳು.

"ಮೇಷ್ಟ್ರೇ, ಅವತ್ತು ಕೊಳವೆ ಏನೂ ಇಲ್ಲ ಅಂತು. ಡಾಕ್ಟರೂ ಹಾಗೇ ಅಂದ್ರು. ನಾನು ವಯಸ್ಸು ಅಂದೆ. ಒಳಗೆ ಏನೋ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಮುಳುಗಿ ಎದ್ದರು. ಮುಖದ ನೀರು ಒರೆಸಿಕೊಂಡು, ಎರಡೂ ಕಣ್ಣು ಬಿಟ್ಟು ಅವಳನ್ನು ನೋಡಿದರು.

"ನೋಯ್ತಿತ್ತಲ್ಲಮ್ಮ."